ಊರಿಗೆ ಬೇಕಾಗಿದ್ದ ಅಪ್ಪನ ನೆನಪಿಗೆ ನೀವು ಏನು ಮಾಡಿದಿರಿ?

ಕೇಳಿದವರು (ಹೊಸನಗರ ಕಡೆಯವರು, ಈಗ ಬೆಂಗಳೂರು):
ನಮ್ಮ ಅಪ್ಪಯ್ಯ ಊರಿನ ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿದ್ದರು. ಆಫೀಸು ಅಂದರೆ ನಮ್ಮನೆ ಜಗಲಿಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಅವರು ಕೆಲಸಕ್ಕೆ ಹೊಸಬರು. ಮುಳುಗಡೆಯವರು ದಿಕ್ಕಿಗೊಬ್ಬರಾಗಿ ಹೋದರೂ ಹಳೇ ವಿಳಾಸಕ್ಕೆ ಕಾಗದ ಬರುವುದು ನಿಲ್ಲಲಿಲ್ಲವಂತೆ. ಯಾರ ಮನೆಯವರು ಎಲ್ಲಿ ಬಿಡಾರ ಹೂಡಿದ್ದಾರೆ ಅಂತ ಬಸ್ಸಿನವರನ್ನು, ಸಂತೆಗೆ ಬಂದವರನ್ನು ವಿಚಾರಿಸಿ, ಹಳೇ ವಿಳಾಸಕ್ಕೆ ಗೀಟು ಹೊಡೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೊಸದು ಬರೆದು ಕಳಿಸುತ್ತಿದ್ದರು. ಓದು ಬಾರದವರಿಗೆ ಕಾಗದ ಓದಿ ಹೇಳುವುದು, ಮನಿಯಾರ್ಡರ್ ಫಾರಂ ತುಂಬಿಕೊಡುವುದು ಇದ್ದೇ ಇತ್ತು. ಮನೆ, ಮಕ್ಕಳು, ತೋಟ, ಟಪಾಲು, ಇಷ್ಟೇ ಅವರ ಪ್ರಪಂಚ. ವರ್ಷಾಂತಿಕ ಹತ್ತಿರ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಹೆಸರಲ್ಲಿ ಒಂದು ತಂಗುದಾಣ ಕಟ್ಟಿಸಿ ಅಂತ ನೆಂಟರ ಒತ್ತಾಯ. ಎರಡು ಲಕ್ಷದವರೆಗೆ ಹೊಂದಿಸಬಹುದು. ಇಂಥದ್ದು ಮಾಡಿದವರು ಇದ್ದರೆ ಹೇಳಿ.

ಸಿದ್ದಾಪುರದಿಂದ:
ತಂಗುದಾಣದ ಕಥೆ ನನ್ನ ಹತ್ತಿರ ಕೇಳಿ. ನಮ್ಮ ದೊಡ್ಡಪ್ಪನ ಹೆಸರಲ್ಲಿ ಕಟ್ಟಿಸಿದ್ದೆವು. ಪಂಚಾಯ್ತಿ ಠರಾವು, ಉದ್ಘಾಟನೆ, ಹಾರ ತುರಾಯಿ ಎಲ್ಲ ಆಯ್ತು. ಕೆಲವೇ ವರ್ಷದಲ್ಲಿ ರಸ್ತೆ ಅಗಲ ಮಾಡಲು ಜೆಸಿಬಿ ಬಂತು. ಜಾಗ ರಸ್ತೆಯದ್ದು, ಪರಿಹಾರ ಕೇಳಲು ನಾವ್ಯಾರು? ಒಡೆಯುವ ಮುಂಚೆಯೂ ಹೆಸರು ಕಾಣುತ್ತಿದ್ದದ್ದು ಅಷ್ಟಕ್ಕಷ್ಟೇ, ಅದರ ಮೇಲೆ ಯಕ್ಷಗಾನದ ಪೋಸ್ಟರು ಇಲ್ಲದ ದಿನವಿಲ್ಲ. ಹೆಸರಿನ ಕಲ್ಲು ಈಗ ನಮ್ಮ ಹಿತ್ತಲಲ್ಲಿದೆ. ಮಗುಚಿ ಹಾಕಿದ್ದೇವೆ, ಬಟ್ಟೆ ಒಗೆಯಲು ಚೆನ್ನಾಗಿದೆ. ದೊಡ್ಡಪ್ಪ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಗದಗಿನಿಂದ:
ನಮ್ಮ ಅಪ್ಪಾರು ಸಾಲಿ ಮಾಸ್ತರ ಇದ್ದರ್ರೀ. ಅವರು ತೀರಿಕೊಂಡ ಮ್ಯಾಲೆ 1995ರಾಗ ನಾವು ಅಣ್ಣತಮ್ಮಂದಿರು ಕೂಡಿ ಅವರು ಕಲಿಸಿದ ಸಾಲಿಯೊಳಗ ಹತ್ತು ಸಾವಿರ ರೂಪಾಯಿ ಠೇವಣಿ ಇಟ್ವಿ. ಎಸ್ಸೆಸ್ಸೆಲ್ಸಿಯೊಳಗ ಕನ್ನಡಕ್ಕ ಹೆಚ್ಚು ಮಾರ್ಕ್ಸ್ ತಗೊಂಡವರಿಗೆ ಬಹುಮಾನ. ಆವಾಗ ಬಡ್ಡಿ ಶೇಕಡಾ 12ರ ಆಜೂಬಾಜು, ವರ್ಷಕ್ಕ 1,200 ರೂಪಾಯಿ. ಒಂದು ಹುಡುಗಿಗೆ ಪುಸ್ತಕ, ನೋಟುಬುಕ್ಕು, ಸಮವಸ್ತ್ರದ ಅರಿವಿ ಎಲ್ಲಾ ಅದರಾಗ ಬರ್ತಿತ್ತು. ಈಗ ಶೇಕಡಾ ಆರೂವರಿ ಹಿಡಿದ್ರೂ 650 ರೂಪಾಯಿ. ಒಂದು ಛಲೋ ಡಿಕ್ಷನರಿ ಬಂದ್ರ ಪುಣ್ಯಾ! ಹಂಗಾಗಿ ಎರಡು ಮಾತು ನೆನಪಿಡ್ರಿ. ಬಡ್ಡಿ ಪೂರ್ತಿ ಹಂಚಬ್ಯಾಡ್ರಿ, ಕಾಲುಭಾಗ ತಿರುಗಿ ಅಸಲಿಗೆ ಸೇರಲಿ. ಇನ್ನ ಠೇವಣಿ ಯಾರ ಹೆಸರಿಗೂ ಬ್ಯಾಡ, ಹುದ್ದೆಯ ಹೆಸರಿಗೆ ಇರಲಿ. ಹೆಡ್ ಮಾಸ್ತರ ವರ್ಗ ಆಗಿ ಹೋಗ್ತಾರ, ರಸೀದಿ ಅವರ ಹೆಸರಿನಾಗ ಇದ್ರ ಬ್ಯಾಂಕಿಗೆ ಅಡ್ಯಾಡಿ ಅಡ್ಯಾಡಿ ಚಪ್ಪಲಿ ಸವೀತಾವ. ಸರಕಾರಿ ಸಾಲಿ ಆದ್ರ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಸಾಲಿ ಉಸ್ತುವಾರಿ ಸಮಿತಿ) ಅಧ್ಯಕ್ಷರು ಇಬ್ಬರ ಸಹಿ ಬೀಳೂ ಜಂಟಿ ಖಾತೆ ಇರ್ತೈತಿ, ಅದರಾಗ ಇಡ್ರಿ.

ಬೈಂದೂರಿನಿಂದ:
ಮೊದಲು ದುಡ್ಡಿನ ಮಾತು ಬಿಡಿ ಮಾರಾಯ್ರೆ. ನಿಮ್ಮ ಅಪ್ಪಯ್ಯನ ಕೈಯಲ್ಲಿ ಕಾಗದ ಓದಿಸಿಕೊಂಡವರು ಎಷ್ಟು ಜನ ಉಳಿದಿದ್ದಾರೆ? ಎಂಬತ್ತು ದಾಟಿದವರೇ ಅಲ್ಲವಾ? ಅವರ ಹತ್ತಿರ ಈಗಲೇ ಹೋಗಿ.

ನಮ್ಮ ತಂದೆ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದರು. ಗುಲಾಬಿ ಬಣ್ಣದ ಮಿಕ್ಸ್ಚರ್, ಬಾಟ್ಲಿಗೆ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ, ಒಂದು ಹಲ್ಲಿಗೆ ಒಂದು ಡೋಸು, ಆ ಕಾಲ. ನುಡಿನಮನ ಅಂತ ಸಭೆ ಮಾಡಿದೆವು. ಮೈಕ್ ಹಿಡಿದವರೆಲ್ಲ "ಸರಳ ಸಜ್ಜನಿಕೆಯ ವ್ಯಕ್ತಿ, ತುಂಬಲಾರದ ನಷ್ಟ" ಅಂದು ಕೂತರು. ಹೆಸರು ಬದಲಾಯಿಸಿದರೆ ಯಾರಿಗೂ ಹೊಂದುವ ಭಾಷಣ. ಆಮೇಲೆ ಊಟದ ಪಂಕ್ತಿಯಲ್ಲಿ ನಿಜವಾದ ಮಾತು ಶುರುವಾಯಿತು. ಒಬ್ಬ ಮೀನಿನ ಹೆಂಗಸು ನಮ್ಮ ಅತ್ತಿಗೆಯನ್ನು ಹಿಡಿದು ನಿಲ್ಲಿಸಿ ಹೇಳಿದರು, ಅವರ ಮಗುವಿಗೆ ಜ್ವರ ನೆತ್ತಿಗೇರಿದ ರಾತ್ರಿ ಅಪ್ಪ ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಬಂದು ಬೆಳಗಾಗುವವರೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದರಂತೆ. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. "ಒಂದು ಡೆಲಿವರಿ ಕೇಸಿತ್ತು" ಅಂತ ಅಮ್ಮನ ಹತ್ತಿರ ಹೇಳಿ ಮಲಗಿದ್ದಿರಬೇಕು!

ನನ್ನ ಸಲಹೆ ಇಷ್ಟು. "ಅವರ ಬಗ್ಗೆ ನಾಲ್ಕು ಮಾತು ಹೇಳಿ" ಅಂತ ಕೇಳಬೇಡಿ, ಭಾಷಣವೇ ಬರುತ್ತದೆ. "ಮುಳುಗಡೆಗೆ ಮುಂಚೆ ನಿಮ್ಮ ಮನೆ ಎಲ್ಲಿತ್ತು? ಹೊಸ ಜಾಗಕ್ಕೆ ಬಂದ ಮೊದಲನೇ ಕಾಗದ ಯಾರದ್ದು?" ಅಂತ ಕೇಳಿ. ಫೋನು ರೆಕಾರ್ಡಿಗೆ ಹಾಕಿ, ಅವರಿಗೆ ತಿಳಿಸಿ, ಪಕ್ಕದಲ್ಲಿಟ್ಟು ಸುಮ್ಮನೆ ಕೂತುಬಿಡಿ.

ಮೈಸೂರಿನಿಂದ:
ಎಲ್ಲರೂ ಊರಿನ ಮಾತೇ ಆಡ್ತಾ ಇದೀರಲ್ಲ, ಅವರ ಅಮ್ಮನ್ನ ಯಾರಾದ್ರೂ ಕೇಳಿದ್ರಾ? ನಮ್ಮ ತಂದೆ ಕೆಇಬಿ ಲೈನ್‌ಮನ್. ಗಾಳಿಮಳೆ ಬಂದ್ರೆ ಊರವರಿಗೆ ಅವರು ದೇವರು, ನಮ್ಮಮ್ಮನಿಗೆ ಎದೆ ಡವಡವ. ಹಬ್ಬದ ದಿನ ಎಲೆ ಮುಂದಿಂದ ಎದ್ದು ಹೋದವರು ಮರಳಿ ಬರೋವರೆಗೂ ಅಮ್ಮ ಊಟ ಮಾಡ್ತಿರಲಿಲ್ಲ. ಅವರು ಹೋದಮೇಲೆ ಅಣ್ಣಂದಿರು ದೊಡ್ಡ ಸಮಾರಂಭ ಅಂತ ಹೊರಟರು. ಅಮ್ಮ ಒಂದೇ ಮಾತಂದ್ರು: "ಇದ್ದಾಗ ಊರಿಗೆ ಕೊಟ್ಟಿದ್ದು ಸಾಕು, ಅವರ ಜೊತೆ ಕಂಬ ಹತ್ತಿದವರನ್ನ ಮನೆಗೆ ಕರೀರಿ, ನಾನೇ ಬಡಿಸ್ತೀನಿ." ಹಾಗೇ ಮಾಡಿದ್ವಿ. ನಮಗೆ ಸಮಾಧಾನ ಆಗಿದ್ದು ಆವತ್ತೇ.

ಆಫೀಸು ಜಗಲಿಯಲ್ಲೇ ಇತ್ತು ಅಂದ್ರಲ್ಲ, ಹಾಗಿದ್ರೆ ಅರ್ಧ ಪೋಸ್ಟ್‌ಮಾಸ್ಟರ್ ನಿಮ್ಮಮ್ಮನೇ. ಬಂದವರಿಗೆಲ್ಲ ನೀರು ಬೆಲ್ಲ ಕೊಟ್ಟಿದ್ದು ಯಾರು? ಇನ್ನೊಂದು ವಿಷಯ, ಹೇಳಿದ್ರೆ ಬೇಜಾರು ಮಾಡ್ಕೋಬೇಡಿ. ಬ್ರಾಂಚ್ ಪೋಸ್ಟ್‌ಮಾಸ್ಟರ್ ಥರದ ಗ್ರಾಮೀಣ ಡಾಕ್ ಸೇವಕರಿಗೆ ಇಲಾಖೆಯ ಖಾಯಂ ನೌಕರರ ಹಾಗೆ ಪಿಂಚಣಿ ಇಲ್ಲ. ಅಪ್ಪನ ಪಾಸ್‌ಬುಕ್ಕು, ಠೇವಣಿ ಎಲ್ಲ ಅಮ್ಮನ ಹೆಸರಿಗೆ ಆಗಿದೆಯಾ? ನಾಮಿನಿ ಇದ್ರೆ ಮರಣ ಪ್ರಮಾಣಪತ್ರ, ಕ್ಲೈಮ್ ಫಾರಂ ಕೊಟ್ಟರೆ ಕೆಲಸ ಸಲೀಸು. ಎರಡು ಲಕ್ಷದಲ್ಲಿ ಮೊದಲ ಪಾಲು ಅಮ್ಮನ ಹೆಸರಲ್ಲಿ ಇಟ್ಟರೂ ಅದು ಅಪ್ಪನ ನೆನಪೇ.

ತುಮಕೂರಿನಿಂದ:
ಸಾಹಿತ್ಯದ ಕಡೆ ಒಲವಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿ ಇಡಬಹುದು. 1915ರ ಸಂಸ್ಥೆ, ತಾಲ್ಲೂಕು ಘಟಕಗಳೂ ಇವೆ. ವರ್ಷಕ್ಕೊಂದು ಉಪನ್ಯಾಸ ಅವರ ಹೆಸರಲ್ಲಿ ನಡೆಯುತ್ತೆ. ವಿಷಯ ಏನಿರಬೇಕು ಅಂತ ಬರೆದುಕೊಡಿ, "ಶರಾವತಿ ಮುಳುಗಡೆಯ ಜನಜೀವನ" ಅಂತ ಇಟ್ಟರೆ ಅಪ್ಪನ ಕೆಲಸಕ್ಕೂ ನಂಟು ಉಳಿಯುತ್ತೆ. ಕಾಲೇಜಿನಲ್ಲಿ ಮಾಡಿಸಿ, ಕೇಳೋಕೆ ಮಕ್ಕಳಾದರೂ ಇರ್ತಾರೆ.

ಕೇಳಿದವರು:
ಎಲ್ಲರಿಗೂ ನಮಸ್ಕಾರ. ತಂಗುದಾಣ ಕೈಬಿಟ್ಟೆವು, ನೆಂಟರಿಗೆ ಸಿದ್ದಾಪುರದವರ ಕಲ್ಲಿನ ಕಥೆ ಓದಿ ಹೇಳಿದೆ. ಅಮ್ಮನ್ನ ಕೇಳಿದೆ. ಮೊದಲು "ನಂಗೆಂತ ಗೊತ್ತು" ಅಂದರು, ಆಮೇಲೆ ರಾತ್ರಿ ಹನ್ನೊಂದರವರೆಗೆ ಮಾತಾಡಿದರು. ಮನಿಯಾರ್ಡರ್ ಬರುವ ದಿನ ಯಾರ್ಯಾರು ಬೆಳಿಗ್ಗೆಯೇ ಬಂದು ಕೂರುತ್ತಿದ್ದರು, ದುಡ್ಡು ಬಾರದಿದ್ದರೆ ಅಪ್ಪಯ್ಯ ಹೇಗೆ ಅವರ ಮುಖ ನೋಡಲಾರದೆ ತೋಟಕ್ಕೆ ಹೋಗಿಬಿಡುತ್ತಿದ್ದರು, ಅದನ್ನು ಹೇಳುವ ಕೆಲಸ ತನ್ನ ಪಾಲಿಗೆ ಹೇಗೆ ಬರುತ್ತಿತ್ತು ಅಂತೆಲ್ಲ. ಈಗ ಸಾಗರ, ಶಿವಮೊಗ್ಗ ಕಡೆ ಇರುವ ಮುಳುಗಡೆ ಮನೆಗಳವರನ್ನು ಹುಡುಕಲು ಶುರು ಮಾಡಿದ್ದೇವೆ. ಸಣ್ಣ ಪುಸ್ತಕ ಮಾಡುವ ಯೋಚನೆ. ಪ್ರಿಂಟಿನ ಬಗ್ಗೆ ಗೊತ್ತಿದ್ದವರು ತಿಳಿಸಿ.

ಶಿವಮೊಗ್ಗದಿಂದ, ಡಿಟಿಪಿ ಕೆಲಸದವನು:
ಡೆಮಿ ಅಷ್ಟದಳದಲ್ಲಿ (ಮಾಮೂಲಿ ಪುಸ್ತಕದ ಅಳತೆ) ಒಂದು ಫಾರಂಗೆ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. 64 ಅಥವಾ 80 ಪುಟಕ್ಕೆ ಲೆಕ್ಕ ಹಾಕಿ ಬರೆಯಿರಿ, 67 ಪುಟ ತಂದುಕೊಟ್ಟರೆ ಖಾಲಿ ಹಾಳೆಗೂ ದುಡ್ಡು ಕೊಡಬೇಕಾಗುತ್ತೆ. ಇನ್ನೂರು ಪ್ರತಿ ಸಾಕು ಅಂದರೆ ಆಫ್‌ಸೆಟ್ ಬೇಡ, ಡಿಜಿಟಲ್ ಮಾಡಿಸಿ, ಬೇಕಾದಾಗ ಮತ್ತೆ ತೆಗೆಯಬಹುದು. ನೀವು ಫೋನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡ್ತೀರಿ, ನಮ್ಮಂಥ ಅಂಗಡಿಗಳಲ್ಲಿ ಇನ್ನೂ ಹಳೇ ನುಡಿ ಫಾಂಟು. ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತವೆ. ಆದ್ದರಿಂದ ಪುಟ ಕಟ್ಟಿದ ಮೇಲೆ ಪ್ರೂಫ್ ಇನ್ನೊಮ್ಮೆ ಓದಲೇಬೇಕು, ಮುಖ್ಯವಾಗಿ ಊರಿನ ಹೆಸರುಗಳು. ಮುಳುಗಿದ ಊರುಗಳ ಹೆಸರು ತಪ್ಪಾದರೆ ನಮಗೂ ಗೊತ್ತಾಗಲ್ಲ, ಆ ಪುಟಗಳನ್ನು ಅಮ್ಮನ ಮುಂದೆ ಗಟ್ಟಿಯಾಗಿ ಓದಿ. ಹಳೇ ಇನ್‌ಲ್ಯಾಂಡ್ ಕಾಗದ ಯಾರಾದರೂ ಕೊಟ್ಟರೆ ವಾಟ್ಸಾಪಿನಲ್ಲಿ ಫೋಟೋ ಕಳಿಸಬೇಡಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವಿನಲ್ಲಿ ತನ್ನಿ.