ಮಗ ಅಮೆರಿಕದ ಸಿನ್ಸಿನಾಟಿಗೆ ಹೊರಟಿದ್ದಾನೆ, ಅಲ್ಲಿನ ಕ್ಯಾಂಪಸ್ ಪೊಲೀಸರ ಬಗ್ಗೆ ಬಲ್ಲವರು ಹೇಳಿ

ಪೊನ್ನಂಪೇಟೆಯ ತಾಯಿ:
ಆಗಸ್ಟ್‌ನಲ್ಲಿ ಮಗ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಹೊರಡುತ್ತಾನೆ. ನಮ್ಮದು ಕೊಡವರ ಮನೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುತ್ತೇವೆ. ಕೋವಿಗೆ ಹೆದರಿದವಳಲ್ಲ ನಾನು. ಆದರೆ ಸ್ಯಾಮುಯೆಲ್ ಡುಬೋಸ್ ಅವರ ವಿಷಯ ಓದಿದಾಗಿನಿಂದ ನಿದ್ದೆಯಿಲ್ಲ. 2015ರ ಜುಲೈ 19ರಂದು, ಕಾರಿನ ಮುಂದೆ ನಂಬರ್ ಪ್ಲೇಟ್ ಇಲ್ಲವೆಂದು ಆ ಕಪ್ಪು ಜನಾಂಗದ ಮನುಷ್ಯನನ್ನು ತಡೆದವನು ಇದೇ ವಿಶ್ವವಿದ್ಯಾಲಯದ ಪೊಲೀಸ್, ಅದೂ ಕ್ಯಾಂಪಸ್ಸಿನ ಹೊರಗೆ. ಅವರ ಬಳಿ ಆಯುಧವಿರಲಿಲ್ಲ. ತಲೆಗೇ ಗುಂಡು ಹೊಡೆದ. ಎರಡು ಸಲ ವಿಚಾರಣೆ ನಡೆದರೂ ತೀರ್ಪು ಹೇಳುವ ನಾಗರಿಕರ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ, ಶಿಕ್ಷೆಯೂ ಆಗಲಿಲ್ಲ.

ನನ್ನ ಮಗನಿಗೊಂದು ಅಭ್ಯಾಸವಿದೆ. ಚೆಕ್‌ಪೋಸ್ಟ್‌ನಲ್ಲಿ ಪೊಲೀಸರು ಕೈ ಅಡ್ಡ ಮಾಡಿದರೆ ಜೀಪಿನಿಂದ ಇಳಿದು, ಹಿಂದಿನ ಕಿಸೆಗೆ ಕೈ ಹಾಕುತ್ತಾ ಅವರ ಬಳಿಗೇ ನಡೆದುಬಿಡುತ್ತಾನೆ. ದೊಡ್ಡವರು ನಿಂತಿರುವಾಗ ಕುಳಿತು ಮಾತನಾಡಬಾರದೆಂದು ಕಲಿಸಿದವಳು ನಾನೇ. ಅಲ್ಲಿ ಇದು ತಪ್ಪೇ?

ಮಡಿಕೇರಿಯವನು:
ಅಕ್ಕಾ, ಇದನ್ನು ಮೊದಲು ಬಿಡಿಸಿ. ಅಲ್ಲಿ ಇಳಿಯಲೇಬಾರದು. ಎಂಜಿನ್ ಆರಿಸಿ, ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಕೂರಬೇಕು. ಲೈಸೆನ್ಸ್ ಕೇಳಿದರೆ, ‘ಹಿಂದಿನ ಕಿಸೆಯಲ್ಲಿದೆ, ತೆಗೆಯಲೇ?’ ಎಂದು ಕೇಳಿಯೇ ನಿಧಾನವಾಗಿ ತೆಗೆಯಬೇಕು. ಕ್ಯಾಂಪಸ್ ಪೊಲೀಸರೆಂದರೆ ನಮ್ಮ ಕಾಲೇಜು ಗೇಟಿನ ಕಾವಲುಗಾರರಲ್ಲ, ಅವರಿಗೆ ಬಂದೂಕೂ ಇದೆ, ಬಂಧಿಸುವ ಅಧಿಕಾರವೂ ಇದೆ. ಬಂಧಿಸಿದರೆ ವಕೀಲರು ಬರುವವರೆಗೆ ಸುಮ್ಮನಿರುವ ಹಕ್ಕು ಅವನದು. ಭಾರತದ ದೂತಾವಾಸಕ್ಕೆ ತಿಳಿಸಿ ಎಂದೂ ಕೇಳಬಹುದು.

ನಾನು ಓದಿದ್ದು ಅಲ್ಲಿಯದೇ ಬೇರೆ ಊರಿನಲ್ಲಿ. ಒಂದು ರಾತ್ರಿ ಪ್ರಯೋಗಾಲಯದಿಂದ ಇಬ್ಬರು ನಡೆದು ಬರುತ್ತಿದ್ದೆವು. ಪೊಲೀಸರು ಗುರುತಿನ ಚೀಟಿ ಕೇಳಿದ್ದು ನನ್ನೊಬ್ಬನನ್ನು. ಬಿಳಿಯ ಗೆಳೆಯ ತಾನಾಗಿಯೇ ತನ್ನದನ್ನೂ ಚಾಚಿದ. ಅದರತ್ತ ಕಣ್ಣೂ ಹಾಯಿಸಲಿಲ್ಲ.

ಸಿದ್ದಾಪುರ ತೋಟದವಳು:
ಕಲಿಸಿ, ಬೇಡವೆನ್ನುವುದಿಲ್ಲ. ಆದರೆ ಡುಬೋಸ್ ಕಾರಿನೊಳಗೇ ಕುಳಿತಿದ್ದರಲ್ಲ! ಕಾರು ತನ್ನನ್ನು ಎಳೆದೊಯ್ಯಿತೆಂದು ಆ ಪೊಲೀಸ್ ಹೇಳಿದ. ಅವನ ಮೈಮೇಲಿದ್ದ ಕ್ಯಾಮೆರಾದ ದೃಶ್ಯ ನೋಡಿದ ಪ್ರಾಸಿಕ್ಯೂಟರ್ ಹಾಗೆ ಆಗಿಲ್ಲವೆಂದರು. ಕ್ಯಾಮೆರಾ ಇಲ್ಲದಿದ್ದರೆ ಅವನ ಮಾತೇ ನಿಲ್ಲುತ್ತಿತ್ತು. ವಿಶ್ವವಿದ್ಯಾಲಯ ಅವನನ್ನು ಕೆಲಸದಿಂದ ತೆಗೆದು, ಕುಟುಂಬಕ್ಕೆ 48.5 ಲಕ್ಷ ಡಾಲರ್ ಕೊಟ್ಟು, ಡುಬೋಸ್ ಅವರ 12 ಮಕ್ಕಳ ಓದಿನ ಹೊಣೆ ಹೊತ್ತಿತು. ತಂದೆ ಬರಲಿಲ್ಲ.

ಇನ್ನೊಂದು ಮಾತು. ನಮ್ಮ ಜೀಪು ಕಂಡರೆ ಚೆಕ್‌ಪೋಸ್ಟ್‌ನಲ್ಲಿ ಹೋಗಿ ಎಂದು ಕೈ ಬೀಸುತ್ತಾರೆ. ಹಿಂದಿನ ಪಿಕಪ್‌ನಲ್ಲಿರುವ ಅಸ್ಸಾಂ ಕಾರ್ಮಿಕರನ್ನು ಮಳೆಯಲ್ಲೇ ಇಳಿಸಿ ಆಧಾರ್ ಕೇಳುತ್ತಾರೆ. ನಾನು ಎಷ್ಟೋ ಸಲ ಕನ್ನಡಿಯಲ್ಲಿ ನೋಡಿದ್ದೇನೆ, ಒಮ್ಮೆಯೂ ಜೀಪು ನಿಲ್ಲಿಸಿಲ್ಲ.

ಪೊನ್ನಂಪೇಟೆಯ ತಾಯಿ:
ನಾನೂ ನಿಲ್ಲಿಸಿಲ್ಲ, ತಂಗಿ. ಈ ಸಂಜೆ ಅಂಗಳದಲ್ಲಿ ಮಗನನ್ನು ಜೀಪಿನಲ್ಲಿ ಕೂರಿಸಿ, ಟಾರ್ಚ್ ಹಿಡಿದು ಕಿಟಕಿಯ ಬಳಿ ನಿಂತು ಲೈಸೆನ್ಸ್ ಕೇಳಿದೆ. ಮೂರನೆಯ ಸಲವೂ ಅವನ ಕೈ ಕಿಸೆಗೇ ಹೋಯಿತು. ನಾಳೆ ಮತ್ತೆ ಕೂರಿಸುತ್ತೇನೆ.