ಗಾಲೆ ಕೋಟೆಗೆ ಅಮ್ಮನ ಜೊತೆ ಹೊರಟಿದ್ದೇವೆ, ಊಟದ ಬಗ್ಗೆ ಸಹಾಯ ಬೇಕು

ನಮಸ್ಕಾರ, ನಾವು ಹಾಸನದವರು. ಅಮ್ಮನನ್ನು ಶ್ರೀಲಂಕಾದ ಗಾಲೆ ಕೋಟೆಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿ, ಆಮೇಲೆ ಡಚ್ಚರು ದೊಡ್ಡದಾಗಿ ಕಟ್ಟಿದ ಕೋಟೆ. ಸಕಲೇಶಪುರದ ಮಂಜರಾಬಾದ್ ಕೋಟೆ ಅಂದರೆ ಅಮ್ಮನಿಗೆ ಪ್ರಾಣ, ಇದನ್ನೂ ಒಂದು ಸುತ್ತು ಹಾಕಲೇಬೇಕಂತೆ.

ತೊಂದರೆ ಇರುವುದು ಊಟದ್ದು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಆದರೆ ಅಲ್ಲಿಯ ತಿಂಡಿ ತಿನ್ನುವ ಆಸೆ ಜಾಸ್ತಿ. ಇಡಿಯಾಪ್ಪ ನಮ್ಮ ಒತ್ತು ಶಾವಿಗೆ ಥರಾನೇ, ಅದು ಸರಿ. ಜೊತೆಗೆ ಕೊಡುವ ಪೊಲ್ ಸಂಬೋಲದ್ದೇ ಚಿಂತೆ. ತೆಂಗಿನ ತುರಿ, ಒಣಮೆಣಸಿನಕಾಯಿ, ಈರುಳ್ಳಿ, ನಿಂಬೆರಸದ ಜೊತೆ ಒಣಗಿಸಿದ ಮಾಲ್ಡೀವ್ಸ್ ಮೀನಿನ ಚೂರನ್ನೂ ಸೇರಿಸಿ ಕುಟ್ಟುವುದುಂಟು. ಬೇಳೆ ಸಾರಿಗೂ ಕೆಲವರು ಹಾಕುತ್ತಾರೆ. ಪುಡಿಯಾಗಿದ್ದರೆ ನೋಡಿದರೂ ಗೊತ್ತಾಗಲ್ಲ, ಅಲ್ವಾ?

ಟ್ರಾವೆಲ್ಸ್‌ನವರು "ವೆಜ್ ಸಿಗುತ್ತೆ ಬಿಡಿ" ಅಂದರು, ಅಷ್ಟೇ. ಅಲ್ಲಿಯ ಒಂದು ಹೋಂಸ್ಟೇಗೆ ಬರೆದು ಕೇಳಿದೆ. ತರಕಾರಿ ಊಟದ ಫೋಟೊ ಕಳಿಸಿದರು, ಮೀನಿನ ಮಾತಿಗೆ ಉತ್ತರ ಬರಲಿಲ್ಲ.

ಹೋಗಿ ಬಂದ ಸಸ್ಯಾಹಾರಿಗಳು ದಯವಿಟ್ಟು ಹೇಳಿ: ಕೋಟೆಯೊಳಗಿನ ಹೋಟೆಲುಗಳಲ್ಲಿ ಮೊದಲೇ ಹೇಳಿದರೆ ಮೀನು ಹಾಕದೆ ಬೇರೆಯಾಗಿ ಮಾಡಿಕೊಡುತ್ತಾರಾ, ಇಲ್ಲಾ ಅಡುಗೆಮನೆ ಇರುವ ರೂಮೇ ಹಿಡಿಯಬೇಕಾ?