ಗುಲಾಬಿಯ ಬಗೆಗಳಿಗೆ ಕನ್ನಡದ ಹೆಸರು: ‘ಬಳ್ಳಿ’, ‘ಒಂಟಿ’, ‘ಸುತ್ತು’

ಮಾನ್ಯರೆ,

ಕೈತೋಟದ ಗುಲಾಬಿಗಳನ್ನು ಕುರಿತ ಕಿರುಹೊತ್ತಗೆಯೊಂದನ್ನು ಬರೆಯುತ್ತಿರುವಾಗ ಹೆಸರುಗಳ ವಿಷಯದಲ್ಲಿ ಎದುರಾದ ತೊಡಕನ್ನು ತಮ್ಮ ಮುಂದಿಡುತ್ತಿದ್ದೇನೆ. ಮಲ್ಲಿಗೆಗೆ ದುಂಡುಮಲ್ಲಿಗೆ, ಸೂಜಿಮಲ್ಲಿಗೆ, ಏಳುಸುತ್ತಿನ ಮಲ್ಲಿಗೆ ಎಂದು ಹೂವಿನ ರೂಪವೇ ಕಣ್ಣಿಗೆ ಕಟ್ಟುವಂಥ ಹೆಸರುಗಳು ನಮ್ಮಲ್ಲಿವೆ. ಗುಲಾಬಿಗೆ ಬಂದರೆ ನಾಟಿ, ಪನ್ನೀರು, ಬಟನ್ ಎಂಬ ಕೆಲವನ್ನು ಬಿಟ್ಟು ಉಳಿದವು ಬಹುಮಟ್ಟಿಗೆ ನರ್ಸರಿಯ ಇಂಗ್ಲಿಷ್ ಹೆಸರುಗಳೇ. (ಪಾರಸಿಯಲ್ಲಿ ‘ಗುಲ್’ ಹೂವು, ‘ಆಬ್’ ನೀರು, ‘ಗುಲಾಬ್’ ಎಂದರೆ ಮೂಲದಲ್ಲಿ ಪನ್ನೀರೇ. ಹಾಗಾಗಿ ‘ಪನ್ನೀರು ಗುಲಾಬಿ’ಯಲ್ಲಿ ಒಂದೇ ಮಾತು ಎರಡು ಸಲ ಬಂದಿದೆ. ಆದರೂ ಗುಲಾಬಿ ಎಂಬುದು ನಮ್ಮಲ್ಲಿ ಹೂವಿನ ಹೆಸರಾಗಿಯೇ ನೆಲೆನಿಂತಿರುವುದರಿಂದ ಅದನ್ನು ತಪ್ಪೆನ್ನಲಾಗದು.)

ನನ್ನನ್ನು ಹೆಚ್ಚು ಕಾಡಿದ್ದು ‘ಬಳ್ಳಿ ಗುಲಾಬಿ’. ಕ್ಲೈಂಬರ್, ರ್‍ಯಾಂಬ್ಲರ್ ಎಂಬ ಎರಡು ಬಗೆಗಳಿಗೂ ಈ ಒಂದೇ ಹೆಸರನ್ನು ಬಳಸುವುದನ್ನು ಕಂಡಿದ್ದೇನೆ. ಗುಲಾಬಿಗೆ ಅವರೆಯಂತೆ ಆಸರೆಯನ್ನು ಸುತ್ತುವ ಕಾಂಡವಾಗಲಿ, ಹಾಗಲದಂತೆ ಸುರುಳಿಯಾಗಿ ಹಿಡಿಯುವ ಕುಡಿಯಾಗಲಿ ಇಲ್ಲ. ನಮ್ಮ ಮನೆಯ ಕಿಟಕಿಗೆ ಒರಗಿರುವ ಗಿಡದಲ್ಲಿ ಕೊಕ್ಕೆಯಂತೆ ಕೆಳಕ್ಕೆ ಬಾಗಿದ ಮುಳ್ಳುಗಳು ಸರಳಿಗೆ ಸಿಕ್ಕಿಕೊಂಡು ರೆಂಬೆ ಜಾರದಂತೆ ತಡೆದಿವೆ; ಬಾಳೆನಾರಿನಿಂದ ಕಟ್ಟದೆ ಬಿಟ್ಟ ರೆಂಬೆಗಳು ಹೂವಿನ ಭಾರಕ್ಕೆ ಮುಂದಕ್ಕೆ ವಾಲಿವೆ. ಇದನ್ನು ನೋಡಿದ ಮೇಲೆ ‘ಏರುಗುಲಾಬಿ’ ಎನ್ನಲೂ ಮನಸ್ಸು ಒಪ್ಪಲಿಲ್ಲ, ಏಕೆಂದರೆ ಅದು ತಾನಾಗಿ ಏರುವುದಿಲ್ಲ, ಒರಗುತ್ತದೆ. ಆದ್ದರಿಂದ ಗಡುಸಾದ ರೆಂಬೆ, ದೊಡ್ಡ ಹೂವುಗಳುಳ್ಳ, ಸಾಮಾನ್ಯವಾಗಿ ವರ್ಷದಲ್ಲಿ ಹಲವು ಸಲ ಅರಳುವ ಕ್ಲೈಂಬರಿಗೆ ‘ಒರಗು ಗುಲಾಬಿ’ ಎಂದೂ, ಬಳುಕುವ ಉದ್ದನೆಯ ರೆಂಬೆಗಳಲ್ಲಿ ಚಿಕ್ಕ ಹೂಗಳ ಗೊಂಚಲು ಬಿಟ್ಟು ಹೆಚ್ಚಾಗಿ ವರ್ಷಕ್ಕೊಮ್ಮೆ ಮಾತ್ರ ಅರಳುವ ರ್‍ಯಾಂಬ್ಲರಿಗೆ ‘ಹಬ್ಬು ಗುಲಾಬಿ’ ಎಂದೂ ಬರೆದುಕೊಂಡಿದ್ದೇನೆ.

ಪೊದೆಯಾಗಿ ಬೆಳೆದು ಗೊಂಚಲಾಗಿ ಹೂ ಬಿಡುವ ಫ್ಲೋರಿಬಂಡ ಎಂಬ ಬಗೆಗೆ ‘ಗೊಂಚಲು ಗುಲಾಬಿ’ ಎನ್ನುವುದರಲ್ಲಿ ತಕರಾರಿಲ್ಲ. ಹೈಬ್ರಿಡ್ ಟೀ ಎಂಬ ಬಗೆ ಮಾತ್ರ ಕನ್ನಡದ ಹೆಸರಿಗೆ ಸುಲಭವಾಗಿ ಬಗ್ಗದು. 1867ರಲ್ಲಿ ಫ್ರಾನ್ಸಿನಲ್ಲಿ ಗುಲಾಬಿ ತಳಿಗಾರ ಗಿಯೊ ಅವರು ಹೊರತಂದ ‘ಲಾ ಫ್ರಾನ್ಸ್’ ತಳಿಯನ್ನು ಈ ಬಗೆಯ ಮೊದಲನೆಯದೆಂದು ಎಣಿಸುವುದು ವಾಡಿಕೆ. ಚಹಾ ಎಲೆಯನ್ನು ನೆನಪಿಸುವ ಪರಿಮಳದಿಂದ ‘ಟೀ’ ಎನಿಸಿಕೊಂಡ ಚೀನಾ ಮೂಲದ ಗುಲಾಬಿಗಳ ರಕ್ತ ಇದರಲ್ಲಿದೆಯಾದರೂ, ‘ಸಂಕರ ಚಹಾ’ ಎಂದು ಬರೆದರೆ ಓದುಗರಿಗೆ ಕುಡಿಯುವ ಚಹಾ ನೆನಪಾಗುತ್ತದೆಯೇ ಹೊರತು ಹೂವು ಕಣ್ಮುಂದೆ ಬರುವುದಿಲ್ಲ. ಉದ್ದ ತೊಟ್ಟಿನ ತುದಿಯಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಹೂ ಬಿಡುವುದರಿಂದ ‘ಒಂಟಿ ಗುಲಾಬಿ’ ಎನ್ನೋಣವೆಂದರೆ, ಐದೇ ಎಸಳಿನ ಕಾಡುಗುಲಾಬಿಯಂಥ ಹೂವಿಗೂ ಇಂಗ್ಲಿಷಿನ ‘ಸಿಂಗಲ್’ ಅನ್ನು ಅನುಸರಿಸಿ ‘ಒಂಟಿ’ ಎಂದೇ ಬರೆಯುವವರಿದ್ದಾರೆ. ಎಸಳಿನ ಎಣಿಕೆಗೆ ಮಲ್ಲಿಗೆಯಿಂದಲೇ ‘ಸುತ್ತು’ ಎಂಬ ಮಾತನ್ನು ತಂದುಕೊಂಡು ಕಾಡುಗುಲಾಬಿಯನ್ನು ‘ಒಂದು ಸುತ್ತಿನ ಗುಲಾಬಿ’ ಎಂದು ಕರೆದರೆ, ‘ಒಂಟಿಹೂ ಗುಲಾಬಿ’ ಎಂಬ ಹೆಸರು ಹೈಬ್ರಿಡ್ ಟೀಗೆ ಗೊಂದಲವಿಲ್ಲದೆ ಉಳಿಯುತ್ತದೆಂಬುದು ನನ್ನ ಎಣಿಕೆ.

ತಮ್ಮ ಕಡೆಯ ಹೂಗಾರರು, ತೋಟದವರು ಗುಲಾಬಿಯ ಎಸಳಿಗೆ ‘ಸುತ್ತು’ ಎನ್ನುತ್ತಾರೆಯೇ, ಅಥವಾ ಬೇರೆ ಮಾತಿದೆಯೇ? ಗೋಡೆಗೆ ಒರಗಿಸಿ ಬೆಳೆಸುವ ಗುಲಾಬಿಗೆ ‘ಬಳ್ಳಿ’ಯಲ್ಲದೆ ಬೇರೆ ಹೆಸರನ್ನು ಯಾರಾದರೂ ಕೇಳಿದ್ದರೆ, ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.